ಘೋಡಿಯಾಘರವೂ ಗ್ರಾಹಕನ್ಯಾಯವೂ

ಹಗಲು ಹೊತ್ತು ಹಸುಮಕ್ಕಳನ್ನು ನೋಡಿಕೊಳ್ಳುವ ಮನೆಗೆ ಗುಜರಾತಿನಲ್ಲಿ ಘೋಡಿಯಾಘರ್ ಎಂದು ಹೆಸರು. ಗಂಡಹೆಂಡಿರಿಬ್ಬರೂ ಉದ್ಯೋಗಕ್ಕೆ ಹೊರಡುವ ಸಂಸಾರಗಳು ಹೆಚ್ಚಿದಂತೆಲ್ಲ ಅಹಮದಾಬಾದಿನ ಸ್ಯಾಟಲೈಟ್, ವಡೋದರೆಯ ಅಲಕಾಪುರಿ, ಸೂರತ್ತಿನ ಅಡಾಜಣ್ ಮೊದಲಾದ ಬಡಾವಣೆಗಳಲ್ಲಿ ಅದೇ ಮನೆಯು ಬಣ್ಣದ ಫಲಕವನ್ನು ತೂಗುಹಾಕಿಕೊಂಡು ಪ್ಲೇಹೌಸ್, ಡೇಕೇರ್, ಪ್ರೀಸ್ಕೂಲ್ ಎನಿಸಿಕೊಂಡಿದೆ. ಅಜ್ಜಿಯು ಧಾರವಾಡದಲ್ಲಿಯೋ ಉಡುಪಿಯಲ್ಲಿಯೋ ಉಳಿದುಬಿಟ್ಟಿರುವ ಅಲ್ಲಿನ ಕನ್ನಡ ಸಂಸಾರಗಳಿಗಂತೂ ಇಂತಹ ಮನೆಯ ಆಶ್ರಯವಲ್ಲದೆ ಗತ್ಯಂತರವಿಲ್ಲ. ಗತ್ಯಂತರವಿಲ್ಲದವರು ತಾವು ಸಹಿ ಹಾಕುವ ಕಾಗದವನ್ನು ಪೂರ್ತಿಯಾಗಿ ಓದುವುದು ಅಪರೂಪ.

ಓದಿದವರಿಗೆ ಅರ್ಜಿಯ ಬೆನ್ನಿನಲ್ಲಿ ಇರುವೆಸಾಲಿನಂತಹ ಅಕ್ಷರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು ಮಾತು: ಒಮ್ಮೆ ಕಟ್ಟಿದ ಶುಲ್ಕವು ಯಾವ ಕಾರಣಕ್ಕೂ ಹಿಂದಿರುಗದು, ಮಗುವಿಗೆ ಒದಗುವ ಯಾವ ಅಪಾಯಕ್ಕೂ ಸಂಸ್ಥೆ ಹೊಣೆಯಲ್ಲ, ವ್ಯಾಜ್ಯವೇನಿದ್ದರೂ ಪ್ರಧಾನ ಕಚೇರಿಯಿರುವ ನಗರದ ನ್ಯಾಯಾಲಯದಲ್ಲಿಯೇ ಇತ್ಯರ್ಥವಾಗತಕ್ಕದ್ದು. ಹೊಸ ಮುಖಗಳಿಗೆ ಹೊಂದಿಕೊಳ್ಳಲಾರದ ಕೂಸನ್ನು ಎರಡನೆಯ ತಿಂಗಳಿನಲ್ಲಿಯೇ ಬಿಡಿಸಿಕೊಂಡು ಹೋಗಬಯಸುವ ತಾಯಿಗೆ ಆ ಕಾಗದವನ್ನು ಎತ್ತಿ ತೋರಿಸಲಾಗುತ್ತದೆ. ಅಲ್ಲಿಗೆ ಮಾತು ಮುಗಿಯಿತೆಂದು ಬಹುಮಂದಿ ನಂಬುತ್ತಾರೆ.

ಮಾತು ಮುಗಿಯುವುದಿಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು, ಗ್ರಾಹಕನು ತಾನು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದೆಂದು ಹೇಳಿರುವುದಲ್ಲದೆ, ರಶೀದಿ ಕೊಡದಿರುವುದನ್ನೂ, ನ್ಯೂನತೆಯುಳ್ಳ ಸೇವೆಯನ್ನು ನಿಲ್ಲಿಸಿ ಅದರ ಹಣವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಿರುಗಿಸಲೊಪ್ಪದಿರುವುದನ್ನೂ ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ತೊಡಕಿರುವುದು ಬೇರೆಡೆಯಲ್ಲಿ. 2020ರ ಜನವರಿಯಲ್ಲಿ ಮನು ಸೋಲಂಕಿ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು, ಕೋಚಿಂಗ್ ಸಂಸ್ಥೆಗಳನ್ನು ಬಿಟ್ಟು, ವಿದ್ಯಾಸಂಸ್ಥೆಗಳು ಈ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲವೆಂದೂ, ಅವು ನಡೆಸುವ ಈಜು, ಆಟ, ಪ್ರವಾಸ, ವನವಿಹಾರಗಳಿಗೂ ಇದೇ ವಿನಾಯಿತಿಯೆಂದೂ ತೀರ್ಮಾನಿಸಿತು. ಸರ್ವೋಚ್ಚ ನ್ಯಾಯಾಲಯವು, ಈ ವಿಷಯದಲ್ಲಿ ತನ್ನವೇ ತೀರ್ಪುಗಳು ಭಿನ್ನವಾಗಿರುವುದನ್ನು ಗಮನಿಸಿ, ಅದೇ ವರ್ಷ ಮೇಲ್ಮನವಿಯನ್ನು ವಿಚಾರಣೆಗೆ ಅಂಗೀಕರಿಸಿತು. ಈ ತೀರ್ಮಾನದ ನೆರಳಿನಲ್ಲಿ ಶುಲ್ಕ ವಸೂಲಿಯ ದಿನ ವ್ಯಾಪಾರಿಯಾಗಿರುವ ಪ್ಲೇಹೌಸ್, ದೂರು ಬಂದ ದಿನ ಗುರುಕುಲವಾಗಿಬಿಡುತ್ತದೆ.

ಈ ವೇಷಾಂತರಕ್ಕೆ ಗುಜರಾತಿನ ಸ್ವಂತ ನಿಯಮವೇ ಅಡ್ಡಿಯಾಗಿದೆಯೆಂಬುದನ್ನು ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ಆ ರಾಜ್ಯದ 2012ರ ಶಿಕ್ಷಣ ಹಕ್ಕು ನಿಯಮಗಳ ಪ್ರಕಾರ, ಸೇರುವ ಶೈಕ್ಷಣಿಕ ವರ್ಷದ ಜೂನ್ 1ಕ್ಕೆ ಮೂರು ವರ್ಷ ತುಂಬದ ಮಗುವನ್ನು ಯಾವ ಪೂರ್ವಪ್ರಾಥಮಿಕ ಶಾಲೆಯೂ ಸೇರಿಸಿಕೊಳ್ಳಕೂಡದು. ಅಂತಹ ಮಗುವನ್ನು ಬಲವಂತದಿಂದ ಪ್ರೀಸ್ಕೂಲಿಗೆ ಅಟ್ಟುವುದು ತಂದೆತಾಯಿಗಳ ಕಾನೂನುಬಾಹಿರ ಕೃತ್ಯವೆಂದು 2023ರ ಸೆಪ್ಟೆಂಬರಿನಲ್ಲಿ ಗುಜರಾತ್ ಉಚ್ಚ ನ್ಯಾಯಾಲಯವು ಕಟುವಾಗಿಯೇ ನುಡಿಯಿತು. ಹಾಗಾದ ಮೇಲೆ ಒಂದೂವರೆ ವರ್ಷದ ಕೂಸನ್ನು ಬೆಳಿಗ್ಗೆ ಒಂಬತ್ತಕ್ಕೆ ಎತ್ತಿಕೊಂಡು, ಹಾಲು ಕುಡಿಸಿ, ಮಲಗಿಸಿ, ಬಟ್ಟೆ ಬದಲಿಸಿ, ಸಂಜೆ ಆರಕ್ಕೆ ಒಪ್ಪಿಸಿ, ಅದಕ್ಕಾಗಿ ಮಾಸಿಕ ಹಣ ಪಡೆಯುವ ಮನೆಯು ಆ ಕೂಸಿನ ಮಟ್ಟಿಗೆ ಶಾಲೆಯಾಗುವುದು ಹೇಗೆ? ಶಾಲೆಯಾಗಲು ಕಾನೂನೇ ಬಿಡದಿದ್ದಮೇಲೆ ಶಾಲೆಯ ವಿನಾಯಿತಿಯನ್ನು ಕೇಳುವ ಅಧಿಕಾರವೂ ಅದಕ್ಕಿಲ್ಲ. ಅದು ಮಾರುತ್ತಿರುವುದು ಪಾಲನೆಯನ್ನು; ಪಾಲನೆಯು ಸೇವೆ; ಹಣ ಕೊಟ್ಟವರು ಗ್ರಾಹಕರು. ಇದು ನನ್ನ ವಾದ, ಯಾವ ಪೀಠದ ತೀರ್ಪೂ ಅಲ್ಲ. ಆದರೆ ಜಿಲ್ಲಾ ಆಯೋಗದ ಮುಂದೆ ಇದನ್ನು ಎತ್ತಲು ತಂದೆತಾಯಿಗಳು ಹಿಂಜರಿಯಬೇಕಾದ ಕಾರಣವೇನೂ ನನಗೆ ಕಾಣದು.

ಮೂರು ದಾಟಿದ ಮಕ್ಕಳ ವಿಷಯದಲ್ಲಿ ದಾರಿ ಇಷ್ಟು ಸುಗಮವಲ್ಲ. 2024ರ ಜನವರಿ 18ರಂದು ವಡೋದರೆಯ ಹರಣಿ ಸರೋವರದಲ್ಲಿ ದೋಣಿ ಮಗುಚಿ, ಶಾಲಾ ವಿಹಾರಕ್ಕೆಂದು ಬಂದಿದ್ದ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಜಲಸಮಾಧಿಯಾದರು. ಮನು ಸೋಲಂಕಿ ತೀರ್ಮಾನವು ವಿನಾಯಿತಿ ಕೊಟ್ಟ ಪಟ್ಟಿಯಲ್ಲಿ ವನವಿಹಾರವೂ ಸೇರಿದೆಯೆಂಬುದನ್ನು ನೆನೆದರೆ, ಸರ್ವೋಚ್ಚ ನ್ಯಾಯಾಲಯವು ಈ ಪ್ರಶ್ನೆಯನ್ನು ಬೇಗ ಬಗೆಹರಿಸಬೇಕಾದ ಅಗತ್ಯ ಎಷ್ಟೆಂಬುದು ತಿಳಿದೀತು.

ಪೆಟ್ಟು ಬಿದ್ದದ್ದು ಮಗುವಿಗೆ, ಹಣ ಕೊಟ್ಟದ್ದು ತಂದೆ. ಹಾಗಾದರೆ ಗ್ರಾಹಕರು ಯಾರು ಎಂಬ ಕುತರ್ಕಕ್ಕೆ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣದಲ್ಲಿ 1998ರಲ್ಲಿಯೇ ಉತ್ತರ ದೊರೆತಿದೆ: ಇಬ್ಬರೂ ಗ್ರಾಹಕರು. ಇಬ್ಬರಿಗೂ ಪರಿಹಾರ ಸಲ್ಲುತ್ತದೆ. ಆದರೆ ಮನೆಗೇ ಬಂದು ಮಗುವನ್ನು ನೋಡಿಕೊಳ್ಳುವ ಆಯಾಳ ವಿಷಯ ಬೇರೆ. 2022ರ ಫೆಬ್ರುವರಿಯಲ್ಲಿ ಸೂರತ್ತಿನ ರಾಂದೇರದಲ್ಲಿ ಎಂಟು ತಿಂಗಳ ಶಿಶುವನ್ನು ಆಯಾ ಥಳಿಸಿದ್ದು ಮನೆಯವರು ಇರಿಸಿದ್ದ ಕ್ಯಾಮೆರಾದಿಂದ ಬಯಲಾದಾಗ ಪೊಲೀಸರೇ ಬರಬೇಕಾಯಿತು. ವೈಯಕ್ತಿಕ ಚಾಕರಿಯ ಕರಾರನ್ನು ಗ್ರಾಹಕ ಕಾನೂನು ಹೊರಗಿಟ್ಟಿದೆ. ಅಂಗನವಾಡಿಯಂತಹ ಉಚಿತ ಸೇವೆಯೂ ಹೊರಗೇ. ಅತ್ಯಂತ ಬಡ ತಾಯಿಯೇ ಈ ರಕ್ಷಣೆಯ ಹೊರಗೆ ನಿಲ್ಲುವಳೆಂಬುದು ಕಾನೂನಿನ ಕಠೋರ ವಿಪರ್ಯಾಸ.

ಕ್ಯಾಮೆರಾದ ಮಾತು ಬಂದುದರಿಂದ ಒಂದು ಸೂಚನೆ. ಹಳೆಯ ದೃಶ್ಯಗಳು ಕೆಲವು ವಾರಗಳಲ್ಲಿ ತಾವಾಗಿಯೇ ಅಳಿಸಿಹೋಗುತ್ತವೆ. ಆದುದರಿಂದ ಮಗುವಿನ ಮೈಮೇಲೆ ಬಾಸುಂಡೆ ಕಂಡ ದಿನವೇ, ದೃಶ್ಯಗಳನ್ನು ಕಾದಿರಿಸಿ ತೋರಿಸಬೇಕೆಂದು ಲಿಖಿತವಾಗಿ ಕೇಳತಕ್ಕದ್ದು. ಸಂಬಂಧಪಟ್ಟ ಮಾಹಿತಿಯನ್ನು ಬುದ್ಧಿಪೂರ್ವಕವಾಗಿ ಮುಚ್ಚಿಡುವುದೇ ಸೇವಾನ್ಯೂನತೆಯೆಂದು ಅಧಿನಿಯಮ ಹೇಳುತ್ತದೆ. ಹಾಲು, ನಿದ್ರೆ, ಜ್ವರಗಳನ್ನು ಆಯಾ ಗುರುತುಹಾಕಿ ಮಗುವಿನ ಚೀಲದಲ್ಲಿ ಕಳುಹಿಸುವ ಪುಟ್ಟ ಡೈರಿಯೂ ಒಳ್ಳೆಯ ಸಾಕ್ಷ್ಯ. ವರ್ಷ ಮುಗಿಯಿತೆಂದು ಅದನ್ನು ರದ್ದಿಗೆ ಹಾಕಬಾರದು.

ಘೋಡಿಯಾಘರ ನಡೆಸುವವರೆಲ್ಲ ಲೋಭಿಗಳೆಂದು ನಾನು ಹೇಳುತ್ತಿಲ್ಲ. ನೋಂದಣಿಯನ್ನು ಕಡ್ಡಾಯಗೊಳಿಸಿ 2023ರಲ್ಲಿ ಗುಜರಾತ್ ಸರ್ಕಾರವು ತಂದ ನೀತಿಯು ದೀರ್ಘಾವಧಿಯ ಬಾಡಿಗೆ ಕರಾರು, ಕಟ್ಟಡ ಬಳಕೆಯ ಪರವಾನಗಿ ಮುಂತಾದ ಷರತ್ತುಗಳನ್ನು ಹೇರಿದಾಗ, ಬಾಡಿಗೆ ಮನೆಯಲ್ಲಿ ಹತ್ತಿಪ್ಪತ್ತು ಮಕ್ಕಳನ್ನು ನೋಡಿಕೊಳ್ಳುವ ಎಷ್ಟೋ ಹೆಂಗಸರು ಬೀದಿಗಿಳಿದರು. ಅವರ ಆತಂಕ ಹುಸಿಯಲ್ಲ. ಆದರೆ ಕಟ್ಟಡದ ಕಾಗದಕ್ಕೆ ಇಷ್ಟು ಕಾಳಜಿ ವಹಿಸುವ ಸರ್ಕಾರವು, ಶುಲ್ಕ ಮರುಪಾವತಿಯ ನಿಯಮವಿರುವ ಮಾದರಿ ಕರಾರೊಂದನ್ನು ಮುದ್ರಿಸಿ ಪ್ರತಿ ಕೇಂದ್ರದ ಗೋಡೆಗೂ ಅಂಟಿಸಲಾರದೆ? 1978ರಲ್ಲಿ ಮನುಭಾಯಿ ಶಾಹರು ಅಹಮದಾಬಾದಿನಲ್ಲಿ ಸ್ಥಾಪಿಸಿದ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವು ಜೀವವಿಮಾ ನಿಗಮವನ್ನೇ ಎದುರಿಸಿ 1995ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಜಯಿಸಿದ ನೆಲವಿದು. ಅಂತಹ ಕರಾರಿನ ಕರಡನ್ನು ಬರೆಯಬಲ್ಲವರಿಗೆ ಅಲ್ಲಿ ಕೊರತೆಯಿಲ್ಲ.

ಅಲ್ಲಿಯವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಕೊಟ್ಟ ಹಣವು 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇರಿಸಲೇಬೇಕೆಂಬ ನಿಯಮವಿಲ್ಲ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಅವಕಾಶವಿದೆ. ಮೊದಲು ವಿಚಾರಿಸಬೇಕೆನ್ನುವವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.