ಬಿಚ್ಚಿ ನೋಡಲಿ, ಬಿಡಿ



ಶನಿವಾರ ಸಂಜೆ ಸಭಾಮಂದಿರದ ಹಿಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಸಬೇಕು. ಮನೆಗಳಲ್ಲಿ ಕೆಟ್ಟು ಮೂಲೆ ಸೇರಿದ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಸೈಕಲ್ಲುಗಳನ್ನು ನಮ್ಮ ಯುವಜನರು ಅಲ್ಲಿ ಬಿಚ್ಚಿ, ನೋಡಿ, ಮತ್ತೆ ಜೋಡಿಸಿ ಕಲಿಯಬೇಕು ಎಂಬ ಸೂಚನೆ ಹುಬ್ಬತಲೈ ಬಳಗದ ಮುಂದೆ ಬಂದಿದೆ. ಕೆಲವು ತಂದೆತಾಯಿಗಳು ಇದನ್ನು ಒಪ್ಪಿಲ್ಲ. "ಗುಜರಿ ಕೆಲಸಕ್ಕೆಂದು ಮಕ್ಕಳನ್ನು ಓದಿಸಿದೆವೇ?" ಎಂದು ಕೇಳುತ್ತಾರೆ. ಚಹಾ ತೋಟದಲ್ಲಿ ಬೆನ್ನು ಬಾಗಿಸಿ ದುಡಿದು ಮಗನನ್ನು ಪಾಲಿಟೆಕ್ನಿಕ್ಕಿಗೆ ಕಳುಹಿಸಿದವರ ಮಾತು ಅದು. ಅದನ್ನು ಹಗುರವಾಗಿ ಕಾಣಲಾರೆವು. ಆದರೂ ಸೂಚನೆಯ ಪರವಾಗಿಯೇ ನಾವು ಬರೆಯುತ್ತಿದ್ದೇವೆ.

ಮಿಕ್ಸಿಯನ್ನೇ ತೆಗೆದುಕೊಳ್ಳೋಣ. ಜಾರಿಗೂ ಮೋಟಾರಿಗೂ ನಡುವೆ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಒಂದು ಪುಟ್ಟ ಕಪ್ಲರು ಇರುತ್ತದೆ. ಅದರ ಹಲ್ಲು ಮುರಿದಾಗ ಕಳಪೆ ಮಾಲೆಂದು ಕಂಪೆನಿಯನ್ನು ಬೈಯುತ್ತೇವೆ. ಬಿಚ್ಚಿ ನೋಡಿದ ಹುಡುಗಿಗೆ ಕಾರಣ ತಿಳಿಯುತ್ತದೆ. ಗಟ್ಟಿ ಪದಾರ್ಥ ಸಿಕ್ಕಿ ಬ್ಲೇಡು ನಿಂತುಬಿಟ್ಟರೆ, ಬೆಲೆಬಾಳುವ ಮೋಟಾರು ಸುಟ್ಟುಹೋಗುವ ಮೊದಲು ಆ ಅಗ್ಗದ ತುಂಡು ಮುರಿಯಲಿ ಎಂದೇ ಅದನ್ನು ಮೆತ್ತಗೆ ಮಾಡಿದ್ದಾರೆ. ಅಡಿಯಲ್ಲಿರುವ ಕೆಂಪು ಗುಂಡಿಯ ಕೆಲಸವೂ ಇಂಥದೇ. ಭಾರ ಮಿತಿಮೀರಿದರೆ ಅದು ಕರೆಂಟನ್ನು ಕಡಿಯುತ್ತದೆ. ಮೋಟಾರಿನೊಳಗೆ ಎರಡು ಇಂಗಾಲದ ಬ್ರಷ್ಷುಗಳು ಸ್ಪ್ರಿಂಗಿನ ಒತ್ತಿನಿಂದ ತಾಮ್ರದ ಕಮ್ಯುಟೇಟರಿಗೆ ಉಜ್ಜಿಕೊಂಡಿರುತ್ತವೆ. ತಾಮ್ರ ಬಾಳಲಿ ಎಂದು ಅವು ಸವೆಯುತ್ತವೆ. ಯಾವುದು ಸವೆಯಬೇಕು, ಯಾವುದು ಉಳಿಯಬೇಕು, ಅಪಾಯ ಬಂದಾಗ ಯಾವುದು ಮೊದಲು ಸೋಲಬೇಕು ಎಂದು ಯಾರೋ ಕುಳಿತು ಯೋಚಿಸಿದ್ದಾರೆ. ಎಂಜಿನಿಯರುಗಳು ವಿನ್ಯಾಸ ಎನ್ನುವುದು ಇದನ್ನೇ. ಸೈಕಲ್ಲಿನ ಎಡ ಪೆಡಲಿಗೆ ಮಾತ್ರ ತಿರುಪು ಉಲ್ಟಾ ಇರುವುದು, ತುಳಿಯುತ್ತ ತುಳಿಯುತ್ತ ಅದು ಕಳಚಿಕೊಳ್ಳಬಾರದೆಂದು. (ಇದು ತಿಳಿಯದೆ ಸ್ಪ್ಯಾನರು ಹಾಕಿ ಬಲವಂತ ಮಾಡಿದವರು ನಮ್ಮ ಹಟ್ಟಿಗಳಲ್ಲಿ ಕಡಿಮೆಯೇನಿಲ್ಲ.)

ಇದು ಗುಜರಿ ಕೆಲಸವಲ್ಲ ಎನ್ನುವುದಕ್ಕೆ ಸಾಕ್ಷಿ ನಮ್ಮ ಕೂನೂರಿನಲ್ಲೇ ಇದೆ. 1899ರಲ್ಲಿ ಮೇಟ್ಟುಪಾಳ್ಯಂನಿಂದ ಕೂನೂರಿಗೆ ರೈಲು ಬಂತು. ಕಲ್ಲಾರು ದಾಟಿದ ಮೇಲೆ 12 ಅಡಿಗೆ 1 ಅಡಿಯಷ್ಟು ಕಡಿದಾದ ಏರು. ಹಳಿಗಳ ನಡುವೆ ಹಲ್ಲುಪಟ್ಟಿ. ಈ ದಾರಿಯ ಎಕ್ಸ್ ವರ್ಗದ ಹಬೆ ಎಂಜಿನುಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಪಟ್ಟಣದಲ್ಲಿ ತಯಾರಾದವು. ಅವಕ್ಕೆ ನಾಲ್ಕು ಸಿಲಿಂಡರು. ಏರಿನಲ್ಲಿ, ಮಾಮೂಲು ಚಕ್ರಗಳನ್ನು ತಿರುಗಿಸಿದ ಹಬೆಯೇ ಮತ್ತೆರಡು ಸಿಲಿಂಡರಿಗೆ ಹೋಗಿ ಹಲ್ಲುಚಕ್ರವನ್ನೂ ತಿರುಗಿಸುತ್ತದೆ. ಅಲ್ಲಿಂದ ಕೊನೆಯ ಎಂಜಿನು ಬಂದದ್ದು 1952ರಲ್ಲಿ. ಆಮೇಲೆ ದಶಕಗಟ್ಟಲೆ ಅವನ್ನು ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ಕಟ್ಟುತ್ತ ಬಂದವರು ಕೂನೂರು ಶೆಡ್ಡಿನ ಮತ್ತು ತಿರುಚಿರಾಪಳ್ಳಿಯ ಪೊನ್‌ಮಲೈ ಕಾರ್ಖಾನೆಯ ಕಾರ್ಮಿಕರು. 2011ರಿಂದ 2014ರೊಳಗೆ ಅದೇ ಪೊನ್‌ಮಲೈಯಲ್ಲಿ ಅದೇ ವರ್ಗದ ನಾಲ್ಕು ಹೊಸ ಎಂಜಿನುಗಳು, ಎಣ್ಣೆಯಿಂದ ಉರಿಯುವಂಥವು, ತಯಾರಾಗಿ ಬೆಟ್ಟಕ್ಕೆ ಬಂದವು. ದುರಸ್ತಿ ಮಾಡುತ್ತಿದ್ದ ಕಾರ್ಖಾನೆಯೇ ಅವನ್ನು ಹೊಸದಾಗಿ ಕಟ್ಟಿತು.

ಬೆಟ್ಟದ ಕೆಳಗಿನ ಕೊಯಮತ್ತೂರಿನ ಜಿ. ಡಿ. ನಾಯ್ಡು (1893-1974) ಅವರ ಕಥೆಯನ್ನು ಹಿರಿಯರು ಬಲ್ಲರು. ಹೋಟೆಲಿನಲ್ಲಿ ದುಡಿದು ಕೂಡಿಟ್ಟ ಹಣದಲ್ಲಿ ಒಂದು ಮೋಟಾರ್ ಸೈಕಲ್ಲು ಕೊಂಡು, ಬಿಚ್ಚಿ, ಜೋಡಿಸಿ ಕಲಿತವರು ಅವರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಶೆರಿ ಶೆಪರ್ಡ್ ಎಂಬ ಅಧ್ಯಾಪಕಿ ದಿನಬಳಕೆಯ ಸಾಮಾನು ಬಿಚ್ಚಿ ಕಲಿಯುವುದನ್ನೇ ಎಂಜಿನಿಯರಿಂಗ್ ಪಾಠವನ್ನಾಗಿ ಮಾಡಿದರು. ಅಲ್ಲಿ ಅದಕ್ಕೆ ಅಂಕ ಕೊಟ್ಟರು, ಇಲ್ಲಿ ಗದರಿಸುತ್ತೇವೆ.

ಕೈಗೆ ಎಣ್ಣೆ ಮೆತ್ತಿಕೊಳ್ಳುವುದು ಕೀಳೆಂದು ನಮಗೆ ಯಾರು ಹೇಳಿಕೊಟ್ಟರು? ವಿಮೋಚನಕಾಂಡದಲ್ಲಿ ದೇವರಾತ್ಮನಿಂದ ತುಂಬಿದವನೆಂದು ಹೇಳಿಸಿಕೊಂಡ ಬೆಚಲೇಲನು ಲೋಹ, ಕಲ್ಲು, ಮರಗಳ ಕೆಲಸಗಾರ. ನಮ್ಮ ಕರ್ತನು ಬೆಳೆದದ್ದು ಬಡಗಿಯ ಮನೆಯಲ್ಲಿ.

ಇನ್ನು ಯೂನಿಯನ್ನಿಗೆ ಒಂದು ಮಾತು. ಚಹಾ ಕಾರ್ಖಾನೆಯ ಸಿ.ಟಿ.ಸಿ. ಯಂತ್ರದಲ್ಲಿ ಹಲ್ಲಿನ ರೋಲರುಗಳು ಎರಡೆರಡು, ಒಂದಕ್ಕೊಂದು ಎದುರಾಗಿ ತಿರುಗುತ್ತವೆ. ಒಂದರ ವೇಗ ಇನ್ನೊಂದರ ಸುಮಾರು ಹತ್ತರಷ್ಟು. ಆ ವೇಗದ ವ್ಯತ್ಯಾಸದಿಂದಲೇ ಎಲೆ ಹರಿದು ಸುರುಳಿಯಾಗುವುದು. ವರ್ಷಗಟ್ಟಲೆ ಅದಕ್ಕೆ ಎಲೆ ಹಾಕಿದವರಲ್ಲಿ ಎಷ್ಟು ಮಂದಿ ಅದರ ಒಳಗನ್ನು ನೋಡಿದ್ದಾರೆ? ಯಂತ್ರ ಬಿಚ್ಚುವಾಗ ಫಿಟ್ಟರು ಒಳಗೆ, ಉಳಿದವರು ಹೊರಗೆ. ಒಳಗು ತಿಳಿಯದವರಿಗೆ ಕೈ ಎಲ್ಲಿ ಇಡಬಾರದೆಂಬುದೂ ತಿಳಿಯುವುದಿಲ್ಲ. ಒಂದು ಕಾರ್ಖಾನೆಗೆ ಅಪ್ರೆಂಟಿಸಾಗಿ ಸೇರಿದ ನಮ್ಮ ಹುಡುಗನೊಬ್ಬ ವರ್ಷವಿಡೀ ನೆಲ ಗುಡಿಸಿ, ಸಾಹೇಬರಿಗೆ ಚಹಾ ತಂದುಕೊಟ್ಟು, ಸರ್ಟಿಫಿಕೇಟು ಹಿಡಿದುಕೊಂಡು ಬಂದ. 1961ರ ಅಪ್ರೆಂಟಿಸ್ ಕಾಯಿದೆ ಮಾಡಿದ್ದು ಇದಕ್ಕಾಗಿಯೇ? ಮುಂದಿನ ಮಾತುಕತೆಯಲ್ಲಿ ಕೂಲಿಯ ಜೊತೆಗೆ ಇದನ್ನೂ ಇಡಬೇಕು: ಯಂತ್ರ ಬಿಚ್ಚುವ ದಿನ ಪ್ರತಿ ಪಾಳಿಯಿಂದ ಇಬ್ಬರು, ಒಬ್ಬರು ಹೆಂಗಸು, ಸಂಬಳ ಸಹಿತ ಫಿಟ್ಟರಿನ ಪಕ್ಕದಲ್ಲಿ ನಿಲ್ಲಲಿ.

ಮೇಜಿನ ವಿಷಯಕ್ಕೆ ಬಂದರೆ, ಕೆಲವು ಸಾಮಾನುಗಳನ್ನು ಯಾರೂ ತರಬಾರದು. ಹಳೆಯ ಟಿ.ವಿ., ಮೈಕ್ರೋವೇವ್ ಒಲೆಗಳಲ್ಲಿ ಪ್ಲಗ್ಗು ಕಿತ್ತ ಮೇಲೂ ಕರೆಂಟು ಉಳಿದಿರುತ್ತದೆ. ಉಬ್ಬಿದ ಮೊಬೈಲ್ ಬ್ಯಾಟರಿ ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. ಫ್ರಿಜ್ಜೂ ಬೇಡ, ಅದರಲ್ಲಿ ಗ್ಯಾಸು ಇದೆ. ಉಳಿದವುಗಳನ್ನು ತನ್ನಿ. ಒಂದು ನೋಟ್‌ಬುಕ್ಕು, ಪೆನ್ಸಿಲು ಇರಲಿ. ಒಂದೊಂದು ಭಾಗವನ್ನೂ ಕೀಳುವ ಮೊದಲು ಅದರ ಚಿತ್ರ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಜೋಡಿಸುವಾಗ ಎರಡು ಸ್ಕ್ರೂ ಮಿಗುತ್ತವೆ. ಸ್ಕ್ರೂಡ್ರೈವರು, ಸ್ಪ್ಯಾನರುಗಳನ್ನು ಬಳಗ ಕೊಡುತ್ತದೆ. ಒಪ್ಪದ ತಂದೆತಾಯಿಗಳು ಮೊದಲ ಶನಿವಾರ ತಾವೇ ಬಂದು ಪಕ್ಕದಲ್ಲಿ ಕುಳಿತು ನೋಡಲಿ, ಕುರ್ಚಿ ಹಾಕಿಸುತ್ತೇವೆ.