ಟಿ.ಸಿ. ಕೇಳುವ ಮುನ್ನ ಒಮ್ಮೆ ಶಾಲೆಗೆ ಬನ್ನಿ

ಮಾಯಸಂದ್ರ ಹೋಬಳಿಯ ತಂದೆತಾಯಂದಿರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಮನವಿ.

ಬೇಸಿಗೆ ರಜೆ ಮುಗಿಯುತ್ತಾ ಬಂದಂತೆ ನಮ್ಮ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಯಿಂದ ಟಿ.ಸಿ. (ವರ್ಗಾವಣೆ ಪತ್ರ) ತೆಗೆದು ಮಗುವನ್ನು ಕಾನ್ವೆಂಟಿಗೆ ಹಾಕುವ ಮಾತು ಶುರುವಾಗುತ್ತದೆ. ಮಗು ಇಂಗ್ಲಿಷ್ ಕಲಿಯಲಿ, ಯಾರಿಗೂ ಕಡಿಮೆಯಾಗದಿರಲಿ ಎಂಬ ಆಸೆ ತಪ್ಪಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿಸಿ, ಸುಲಿದು, ತಿಪಟೂರು ಮಾರುಕಟ್ಟೆಗೆ ಹಾಕಿದ ಕೊಬ್ಬರಿಯ ದುಡ್ಡನ್ನು ಕಾನ್ವೆಂಟ್ ಫೀಸಿಗೂ ವ್ಯಾನಿಗೂ ಸುರಿಯುವುದು ಮಕ್ಕಳ ಮೇಲಿನ ಅಕ್ಕರೆಯಿಂದಲೇ. ಆದರೆ ಆ ಟಿ.ಸಿ.ಗೆ ಊರು ತೆರುವ ಬೆಲೆಯನ್ನೂ ಲೆಕ್ಕ ಹಾಕಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಒಂದು ಮಗು ಬಿಟ್ಟುಹೋದರೆ ಒಬ್ಬ ಮೇಷ್ಟ್ರು ‘ಹೆಚ್ಚುವರಿ’ ಆಗಿಬಿಡಬಹುದು. ಉಳಿದವರು ಮೂರು ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಹಾಲು, ಬಿಸಿಯೂಟ, ಮೊಟ್ಟೆ, ಆನ್‌ಲೈನ್ ದಾಖಲೆ ಎಲ್ಲವನ್ನೂ ನೋಡಿಕೊಳ್ಳಬೇಕು. ಪಾಠ ಸೊರಗುತ್ತದೆ. ಪಾಠ ಸೊರಗಿತೆಂದು ಮತ್ತಷ್ಟು ಮಕ್ಕಳು ಬಿಡುತ್ತಾರೆ. ಕೊನೆಗೆ ಉಳಿಯುವುದು ತೋಟವಿಲ್ಲದವರ, ಕೂಲಿಗೆ ಹೋಗುವವರ ಮಕ್ಕಳು. ನಾವು ಕೈಬಿಟ್ಟ ಶಾಲೆಯೇ ಅವರಿಗಿರುವ ಏಕೈಕ ಶಾಲೆ.

ಸರ್ಕಾರಿ ಶಾಲೆಯಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುವುದಿಲ್ಲ. ಮೂರನೇ ತರಗತಿಯ ಮಗು ತಡವರಿಸದೆ ಒಂದು ಪುಟ ಕನ್ನಡ ಓದದಿದ್ದರೆ, ದಶಕ ತೆಗೆದು ಕಳೆಯುವ ಲೆಕ್ಕ ಮಾಡದಿದ್ದರೆ ನಾವು ಕೇಳಲೇಬೇಕು. ಕೇಳುವ ಅಧಿಕಾರವನ್ನು ಕಾಯ್ದೆಯೇ ಕೊಟ್ಟಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಮುಕ್ಕಾಲು ಪಾಲು ಪೋಷಕರಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಸಿದ್ಧಪಡಿಸಬೇಕಾದವರೂ ಅವರೇ. ಇಂಗ್ಲಿಷ್ ಕಲಿಕೆ ಸಾಲದೆ? ಶಿಕ್ಷಕರ ಹುದ್ದೆ ಖಾಲಿಯಿದೆಯೆ? ಆ ಯೋಜನೆಯಲ್ಲಿ ಬರೆಸಿ, ತುರುವೇಕೆರೆಯ ಬಿಇಒ ಕಚೇರಿಗೆ ಒಟ್ಟಾಗಿ ಹೋಗಿ. ಒಬ್ಬರ ದೂರನ್ನು ಪಕ್ಕಕ್ಕಿಡಬಹುದು. ಮಕ್ಕಳನ್ನು ಅದೇ ಶಾಲೆಯಲ್ಲಿಟ್ಟು ಕೇಳುವ ಮೂವತ್ತು ಮನೆಗಳ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು.

ಬೆಂಗಳೂರಿನಲ್ಲಿ ನೆಲೆ ಕಂಡ ಹಳೆಯ ವಿದ್ಯಾರ್ಥಿಗಳೇ, ಹಬ್ಬಕ್ಕೆ ಬಂದಾಗ ಶಾಲೆಯತ್ತ ಹೆಜ್ಜೆ ಹಾಕಿ. ಗ್ರಂಥಾಲಯಕ್ಕೆ ಪುಸ್ತಕ ಕೊಡಿ, ಮಕ್ಕಳ ಪಕ್ಕ ಕೂತು ಓದಿಸಿ.

ತಂದೆತಾಯಂದಿರೇ, ಈ ಜೂನ್‌ನಲ್ಲಿ ಒಬ್ಬೊಬ್ಬರೇ ತೀರ್ಮಾನ ಮಾಡಬೇಡಿ. ಅಕ್ಕಪಕ್ಕದ ನಾಲ್ಕು ಮನೆಯವರು ಕೂಡಿ, ಶಾಲೆಗೆ ಹೋಗಿ, ಮೇಷ್ಟ್ರ ಜೊತೆ ಕೂತು ಮಾತಾಡಿ. ಮಕ್ಕಳನ್ನು ಒಟ್ಟಿಗೇ ದಾಖಲಿಸಿ, ವರ್ಷವಿಡೀ ಒಟ್ಟಿಗೇ ಲೆಕ್ಕ ಕೇಳಿ. ನಮ್ಮೂರ ಶಾಲೆಯನ್ನು ಉಳಿಸಿಕೊಳ್ಳುವ ಹೊಣೆ ನಮ್ಮದೇ.