ಅಲಾಯ್ ಚಕ್ರದ ಮೋಹ: ಅಳತೆ ತಪ್ಪಿದರೆ ಅಪಾಯ

ಚೌತಿಗೆ ಊರಿಗೆ ಹೊರಡುವ ಮೊದಲು ಕಾರಿಗೆ ಅಲಾಯ್ ಚಕ್ರ ಹಾಕಿಸುವ ಹುಮ್ಮಸ್ಸು ಮುಂಬಯಿಯ ತುಳು-ಕನ್ನಡಿಗ ಯುವಕರಲ್ಲಿದೆ. ಅಂದಕ್ಕೆ ಯಾರದೂ ಆಕ್ಷೇಪವಿಲ್ಲ. ಆದರೆ ಸ್ವಿಫ್ಟ್‌ನ ನಾಲ್ಕು ಬೋಲ್ಟ್‌ಗಳು 100 ಮಿ.ಮೀ. ವ್ಯಾಸದ ವೃತ್ತದಲ್ಲಿದ್ದರೆ ಫೋರ್ಡ್ ಫಿಗೋದವು 108ರಲ್ಲಿವೆ. ಕಣ್ಣಿಗೆ ಎರಡೂ ಒಂದೇ! ಅಂಗಡಿಯವನ ‘ಬೈಠ್ ಜಾಯೇಗಾ’ ಮಾತು ನಂಬಿ ತೂತನ್ನೇ ಕೊರೆದು ಅಗಲಿಸುವುದು ಶುದ್ಧ ಹುಚ್ಚಾಟ. ನಟ್ಟು ಸಡಿಲಗೊಂಡು ಚಕ್ರವೇ ಕಳಚೀತು.

ಆಫ್‌ಸೆಟ್ ವಿಚಾರವನ್ನಂತೂ ಕೇಳುವವರೇ ಇಲ್ಲ. ಚಕ್ರದ ನಡುರೇಖೆಗೂ ಹಬ್‌ಗೆ ತಾಗುವ ಮುಖಕ್ಕೂ ಇರುವ ಈ ಅಂತರ ಕಡಿಮೆಯಾದಷ್ಟು ಚಕ್ರ ಹೊರಚಾಚುತ್ತದೆ, ಬೇರಿಂಗ್‌ಗೆ ಹೊರೆ ಹೆಚ್ಚುತ್ತದೆ. ಖಾಲಿ ಕಾರಿನಲ್ಲಿ ಇದು ತಿಳಿಯದು. ಐದು ಮಂದಿ, ಡಿಕ್ಕಿ ತುಂಬ ಸಾಮಾನಿನೊಂದಿಗೆ ಕೊಂಕಣದ ಘಾಟಿಯ ತಿರುವಿನಲ್ಲಿ ಟಯರು ಮಡ್‌ಗಾರ್ಡಿಗೆ ಉಜ್ಜಿದಾಗಲೇ ಗೊತ್ತಾಗುವುದು. ಚಕ್ರಕ್ಕೆ ಹಣ ಕೊಡುವ ಹಿರಿಯರಾದರೂ ಮೊದಲು ಈ ಎರಡು ಅಳತೆ ಕೇಳಲಿ.